ಕೊಲ್ಲಮೊಗ್ರಿಗೆ ಹೋಗದೆ ಉಳಿದ ಹೇಳಿಕೆ

ನಿನ್ನೆ ನನ್ನ ಮೊಮ್ಮಗಳು ಅನ್ನ ಉಂಡಳು. ಹುಟ್ಟಿ ಆರು ತಿಂಗಳಾದ ಮೇಲೆ ಬಾಯಿಗೆ ಇಟ್ಟ ಮೊದಲನೆಯ ತುತ್ತು. ಒಂದು ಅಗುಳನ್ನೂ ಉಗುಳಲಿಲ್ಲ. ನುಂಗಿ, ಇನ್ನೂ ಉಂಟೋ ಎಂಬ ಹಾಗೆ ಬಾಯಿ ತೆರೆದು ಕೂತಳು. ಇದನ್ನು ಇವತ್ತು ಬೆಳಿಗ್ಗೆಯಿಂದ ಹಾಲು ಕೊಂಡುಹೋಗುವವನಿಗೆ, ಅಡಿಕೆ ಕೊಯ್ಯಲು ಬಂದವರಿಗೆ, ಕೇರಳದ ಗಡಿಯ ಆಚೆಯಿಂದ ಬಾಳೆಗೊನೆ ಕೇಳಿಕೊಂಡು ಬಂದ ವ್ಯಾಪಾರಿಗೆ ಎಲ್ಲ ಹೇಳಿ ಮುಗಿಸಿದ್ದೇನೆ. ಆ ವ್ಯಾಪಾರಿಗೆ ನನ್ನ ಮಾತು ಅರ್ಧವೂ ತಿಳಿಯಲಿಲ್ಲ, ಆದರೂ ನಕ್ಕ. ಇನ್ನು ಹೇಳಲು ಜನ ಸಿಗದ ಕಾರಣ ಬರೆಯಲು ಕೂತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ. ಅಕ್ಷರ ಸೊಟ್ಟ ಬಂದರೆ ಓದುವವರು ಸುಧಾರಿಸಿಕೊಳ್ಳಬೇಕು.

ಮಗು ಉಂಡದ್ದರಲ್ಲಿ ಅಂಥ ವಿಶೇಷ ಏನು ಎಂದು ಕೇಳುವವರಿಗೆ ಹೇಳುತ್ತೇನೆ. ನಮ್ಮ ಮನೆಯ ಪದ್ಧತಿಯಲ್ಲಿ ಮಗುವಿಗೆ ಮೊದಲ ತುತ್ತು ಕೊಡುವುದು ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಎಲ್ಲರಿಗಿಂತ ಹಿರಿಯವಳು. ಅವಳು ಮದುವೆಯಾಗಿ ಎಷ್ಟು ದೂರ ಹೋಗಿದ್ದರೂ ಬಂದು ಕೊಡಬೇಕು. ನನಗೆ ಕೊಟ್ಟದ್ದು ಅಪ್ಪನ ಅಕ್ಕ. ನನ್ನ ಮಗನಿಗೆ ಕೊಟ್ಟದ್ದು ನನ್ನ ಅಕ್ಕ. ಮಗನ ಮಗಳಿಗೂ ಅವಳೇ ಕೊಡಬೇಕಾಗಿತ್ತು. ಆದರೆ ಅಕ್ಕ ಏಳು ವರ್ಷದಿಂದ ನಮ್ಮ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ನಾನೂ ಅವಳಲ್ಲಿಗೆ ಹೋಗಿರಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿ ನಾನು ಈ ಆರು ತಿಂಗಳನ್ನು ಕಳೆದದ್ದು.

ತಪ್ಪು ನನ್ನದು. ಅದೂ ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸದಲ್ಲಿ ಮಾಡಿದ ತಪ್ಪು.

ಪ್ರಾಯದಲ್ಲಿ ನಾನು ಹೇಳಿಕೆ ಹೇಳಲು ಹೋಗುತ್ತಿದ್ದೆ. ಮದುವೆ, ಉಪನಯನ, ಹೊಸ ಮನೆಯ ಒಕ್ಕಲು, ಏನೇ ಇದ್ದರೂ ನೆಂಟರ ಮನೆಗಳಿಗೆ ಒಬ್ಬ ನಡೆದುಹೋಗಿ ಬಾಯಲ್ಲಿ ಕರೆಯಬೇಕು. ನಮ್ಮ ಮನೆಯದ್ದು ಮಾತ್ರ ಅಲ್ಲ, ನಮ್ಮ ಊರು ಮಂಡೆಕೋಲಿನ ಸುತ್ತಲಿನ ಏಳೆಂಟು ಮನೆಗಳ ಹೇಳಿಕೆಗೂ ನಾನೇ ಹೋಗುತ್ತಿದ್ದೆ. ತೋಟದ ಕೆಲಸ ತಮ್ಮ ನೋಡಿಕೊಳ್ಳುತ್ತಿದ್ದ ಕಾಲ ಅದು. ನನಗೆ ದಾರಿ ಗೊತ್ತು, ಕಾಲು ಗಟ್ಟಿ, ಬೇರೇನೂ ಗೊತ್ತಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ನಮ್ಮ ಕಡೆಯ ಹಳ್ಳಿಗಳು ಘಟ್ಟದ ಮೇಲಿನ ಹಳ್ಳಿಗಳ ಹಾಗೆ ಅಲ್ಲ. ಬೀದಿ ಇಲ್ಲ, ಮನೆಗೆ ಮನೆ ತಾಗಿಕೊಂಡಿಲ್ಲ. ಒಂದು ಗುಡ್ಡೆ ಹತ್ತಿ ಇಳಿದರೆ ಒಂದು ಬೈಲು, ಬೈಲಿನ ಕೊನೆಯಲ್ಲಿ ಒಂದು ಮನೆ. ಅದರಿಂದ ಇನ್ನೊಂದು ಮನೆ ಕಾಣುವುದಿಲ್ಲ. ಒಮ್ಮೆ ಜನಗಣತಿಗೆ ಬಂದ ಮೇಷ್ಟ್ರು ಒಬ್ಬರು ಊರಿನ ನಡುವೆಯೇ ನಿಂತು ನನ್ನ ಹತ್ತಿರ ಊರಿಗೆ ದಾರಿ ಕೇಳಿದ್ದರು. ಇದೇ ಊರು ಎಂದರೆ ನಂಬಲಿಲ್ಲ. ಸುತ್ತಲೂ ನೋಡಿ, ಇಲ್ಲಿ ಜನ ಎಲ್ಲಿದ್ದಾರೆ ಎಂದರು.

ಹಾಗಾಗಿ ಹೇಳಿಕೆಗೆ ಹೊರಟವನಿಗೆ ಜನರಿಗಿಂತ ದಾರಿಯೇ ಹೆಚ್ಚು. ಬೆಳಿಗ್ಗೆ ಗಂಜಿ ಉಂಡು ಹೊರಟರೆ ಮಧ್ಯಾಹ್ನದವರೆಗೆ ಒಬ್ಬ ಮನುಷ್ಯನ ಮುಖ ಕಾಣದ ದಿನಗಳಿದ್ದವು. ಹೇಳಬೇಕಾದ ಮಾತನ್ನು ದಾರಿಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಕಾಡಿನಲ್ಲಿ ನನ್ನ ದನಿ ನನಗೇ ಯಾರದ್ದೋ ಅನ್ನಿಸುತ್ತಿತ್ತು. ಗದ್ದೆಗಳ ನಡುವಿನ ಕಟ್ಟಪುಣಿಯಲ್ಲಿ ನಡೆದು, ಹರಿಯುವ ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಸಂಕ ದಾಟಿ, ರಕ್ತ ಹೀರಲು ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಮುಟ್ಟಿಸಿ ಬಿಡಿಸಿ, ಯಾವುದೋ ಒಂದು ಅಂಗಳ ಕಂಡಾಗ ಸ್ವಂತ ಮನೆ ಸಿಕ್ಕಿದಷ್ಟು ಸಂತೋಷ.

ಹೇಳಿಕೆಗೆ ಒಂದು ಕ್ರಮ ಉಂಟು. ಹೋದ ಕೂಡಲೇ ಹೇಳುವ ಹಾಗಿಲ್ಲ. ಕಾಲು ತೊಳೆಯಲು ನೀರು ಕೊಡುತ್ತಾರೆ. ಜಗಲಿಯಲ್ಲಿ ಕೂತ ಮೇಲೆ ಬೆಲ್ಲ, ನೀರು ಬರುತ್ತದೆ. ಬೆಲ್ಲ ಕಚ್ಚಿ ನೀರು ಕುಡಿದು, ದನ ಕರು ವಿಚಾರಿಸಿ, ಎಲೆಯಡಿಕೆಯ ಕವಳ ಹಾಕಿ, ಆಮೇಲೆ ಎದ್ದು ಅಡಿಗೆಮನೆಯ ಬಾಗಿಲಿನವರೆಗೆ ಹೋಗಿ, ಮನೆಯ ಹೆಂಗಸರಿಗೂ ಕೇಳುವ ಹಾಗೆ ಹೇಳಬೇಕು: ಇಂಥ ದಿವಸ ನಮ್ಮಲ್ಲಿ ಕಾರ್ಯ ಉಂಟು, ಮನೆಯವರೆಲ್ಲ ಮುಂಚಿತವಾಗಿ ಬಂದು ಸುಧಾರಿಸಿ ಕೊಡಬೇಕು. ದಾರಿಯಲ್ಲಿ ಸಿಕ್ಕಿದವರಿಗೆ ಹೇಳಿದರೆ ಅದು ಹೇಳಿಕೆ ಅಲ್ಲ. ಅಂಗಡಿಯಲ್ಲಿ, ದೋಣಿಯ ಕಡವಿನಲ್ಲಿ, ಬಸ್ಸಿನಲ್ಲಿ ಹೇಳಿದ್ದೂ ಅಲ್ಲ. ಇದನ್ನು ಇನ್ನೊಬ್ಬರಿಗೆ ಕಲಿಸುತ್ತಿದ್ದವನು ನಾನು.

ಕೆಲವು ಒಂಟಿ ಮನೆಗಳಲ್ಲಿ ಹೆಂಗಸರು ನನ್ನನ್ನು ಬಿಡುತ್ತಿರಲಿಲ್ಲ. ಬೆಲ್ಲ ನೀರಾದ ಮೇಲೆ ಮಜ್ಜಿಗೆ, ಮಜ್ಜಿಗೆಯಾದ ಮೇಲೆ ಹಲಸಿನ ಹಪ್ಪಳ. ಹೊರಟರೆ ಗದ್ದೆಯ ಕೊನೆಯವರೆಗೂ ಹಿಂದೆಯೇ ಬಂದು, ಆ ಮನೆಯಲ್ಲಿ ಹೇಗಿದ್ದಾರೆ, ಈ ಮನೆಯಲ್ಲಿ ಕರು ಹಾಕಿತಾ ಎಂದು ಕೇಳುತ್ತಿದ್ದರು. ಎಷ್ಟು ಮರ್ಯಾದೆಯ ಜನ ಎಂದುಕೊಳ್ಳುತ್ತಿದ್ದೆ. ಅಷ್ಟೇ ತಿಳಿದದ್ದು ನನಗೆ.

ಅಕ್ಕನನ್ನು ಕೊಟ್ಟದ್ದು ಕೊಲ್ಲಮೊಗ್ರಿಗೆ. ಅವಳ ಮನೆಯಿಂದ ಆಚೆಗೆ ಬೇರೆ ಮನೆ ಇಲ್ಲ, ಬೆಟ್ಟ ಮತ್ತು ಕಾಡು. ಗದ್ದೆಗೆ ಆನೆ ಇಳಿಯುವ ಜಾಗ. ನಮ್ಮ ಅಮ್ಮ ಬೇಗ ತೀರಿಕೊಂಡ ಕಾರಣ ನನ್ನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು ಅವಳು. ವರ್ಷಕ್ಕೆ ಮೂರು ನಾಲ್ಕು ಸಲ ಯಾರದ್ದಾದರೂ ಹೇಳಿಕೆ ಹಿಡಿದುಕೊಂಡು ಆ ಕಡೆ ಹೋದಾಗ ಅವಳಲ್ಲಿ ಒಂದು ರಾತ್ರಿ ಉಳಿಯುತ್ತಿದ್ದೆ.

ಕಾಸರಗೋಡು ಕೇರಳಕ್ಕೆ ಸೇರಿ ನಾಲ್ಕೈದು ವರ್ಷಗಳಾದ ಮೇಲೆ ನನ್ನ ಮಗನಿಗೆ ಮದುವೆ ಕೂಡಿಬಂತು. ಸೊಸೆ ಮನೆಗೆ ಬರುವ ದಿನದ ಊಟಕ್ಕೆ ನಾನೇ ಹೇಳಿಕೆಗೆ ಹೊರಟೆ. ಈ ಸಲ ನನ್ನ ಸ್ವಂತ ಮನೆಯದ್ದು. ಜಾಲ್ಸೂರಿನ ಕಡೆ ಮುಗಿಸಿದೆ, ಪುತ್ತೂರಿನ ಕಡೆ ಮುಗಿಸಿದೆ, ಕಡಬದ ಕಡೆಗೆ ಹೋದೆ. ಅಕ್ಕನ ಮನೆಯನ್ನು ಕೊನೆಗೆ ಇಟ್ಟುಕೊಂಡೆ. ಹದಿಮೂರನೆಯ ದಿನ ಕುಮಾರಧಾರೆಯ ಕಡವಿನಲ್ಲಿ ದೋಣಿ ಕಾಯುತ್ತಿದ್ದಾಗ ಆಚೆಯಿಂದ ಬಂದ ದೋಣಿಯಲ್ಲಿ ಭಾವ ಇಳಿದರು. ಅಕ್ಕನ ಗಂಡ. ಎತ್ತು ನೋಡಲು ಬಂದದ್ದಂತೆ. ನನ್ನ ಎರಡೂ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅಲ್ಲಿಂದ ಅಕ್ಕನ ಮನೆಗೆ ಇನ್ನೂ ಒಂದು ಹಗಲಿನ ನಡಿಗೆ.

"ಭಾವ, ನಿಮ್ಮಲ್ಲಿಗೇ ಹೊರಟದ್ದು. ಇಲ್ಲಿಯೇ ಹೇಳ್ತೇನೆ, ತಪ್ಪು ತಿಳ್ಕೊಳ್ಬೇಡಿ" ಎಂದೆ.

"ಎಂತ ತಪ್ಪು ಮಾರಾಯ? ನಾವು ಹೊರಗಿನವರಾ? ನಿನ್ನ ಕಾಲು ನೋಡು ಮೊದಲು. ನೀನು ಮನೆಗೆ ಹೋಗು. ನಾನು ಅವಳಿಗೆ ಹೇಳ್ತೇನೆ" ಎಂದರು ಭಾವ.

ದೋಣಿಯ ಹತ್ತಿರ ನಿಂತುಕೊಂಡೇ ದಿನ ಹೇಳಿದೆ. ಅವರು ಆಯ್ತು ಎಂದರು. ನಾನು ಅಲ್ಲಿಂದಲೇ ತಿರುಗಿ ಮನೆಗೆ ಬಂದು ಎರಡು ದಿನ ಮಲಗಿದೆ.

ಊಟದ ದಿನ ಅಕ್ಕ ಬರಲಿಲ್ಲ. ಭಾವನೂ ಬರಲಿಲ್ಲ. ಸೊಸೆ ಒಳಗೆ ಬರುವಾಗ ಬಾಗಿಲಲ್ಲಿ ಆರತಿ ಎತ್ತಬೇಕಾದವಳು ಅಕ್ಕ. ಅವಳಿಲ್ಲ ಎಂದು ಪಕ್ಕದ ಬೈಲಿನ ಅಜ್ಜಿಯ ಕೈಯಲ್ಲಿ ಎತ್ತಿಸಿದೆವು. ಚಪ್ಪರ ಬಿಚ್ಚುವವರೆಗೂ ನಾನು ದಾರಿ ನೋಡಿದೆ. ಎಂಟು ದಿನದ ಮೇಲೆ ಆ ಕಡೆಯಿಂದ ಬಂದ ಒಬ್ಬರು ಅಕ್ಕನ ಮಾತು ತಂದರು: "ಊರಿಗೆಲ್ಲ ಮನೆಗೆ ಹೋಗಿ ಹೇಳಿದ್ದಾನೆ. ನನಗೆ ದಾರಿಯಲ್ಲಿ ಹೇಳಿದ್ದಾನೆ. ದಾರಿಯಲ್ಲಿ ಹೇಳಿದ್ದಕ್ಕೆ ದಾರಿಯಿಂದಲೇ ಬಂದ ಹಾಗಾಯಿತು ಅಂತ ಹೇಳಿ."

ನನಗೆ ಸಿಟ್ಟು ಬಂತು. ಒಡಹುಟ್ಟಿದವಳು ಇಷ್ಟು ಸಣ್ಣದಕ್ಕೆ ಹೀಗೆ ಮಾಡುವುದೇ ಎಂದು. ಮರುವರ್ಷ ಸಿಟ್ಟು ಇಳಿಯಿತು, ನಾಚಿಕೆ ಹತ್ತಿತು. ನಾಚಿಕೆ ಸಿಟ್ಟಿಗಿಂತ ಹೆಚ್ಚು ಕಾಲ ಬಾಳುತ್ತದೆ. ಈ ನಡುವೆ ಜನ ಪುತ್ತೂರಿನಲ್ಲಿ ಕಾಗದ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಲು ಶುರುಮಾಡಿದ್ದರು. ನನ್ನನ್ನು ಹೇಳಿಕೆಗೆ ಕರೆಯುವವರು ಕಡಿಮೆಯಾದರು, ಮತ್ತೆ ಇಲ್ಲವೇ ಆದರು. ಕೊಲ್ಲಮೊಗ್ರಿನ ಕಡೆಗೆ ಹೋಗಲು ನನಗೆ ಕಾರಣವೇ ಉಳಿಯಲಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಇಷ್ಟು ಹೊತ್ತಿಗೆ ಯಾವ ಗುಡ್ಡೆ ಇಳಿಯುತ್ತಿದ್ದೆ ಎಂದು ಮನಸ್ಸಿನಲ್ಲೇ ನಡೆಯುತ್ತಿದ್ದೆ. ಅಕ್ಕನ ಮನೆಯ ದಾರಿಯಲ್ಲಿ ಮಾತ್ರ ಮನಸ್ಸು ಅರ್ಧಕ್ಕೆ ನಿಲ್ಲುತ್ತಿತ್ತು.

ಏಳು ವರ್ಷ ಮಗ ಸೊಸೆಗೆ ಮಕ್ಕಳಾಗಲಿಲ್ಲ. ಆಮೇಲೆ ಈ ಹುಡುಗಿ ಹುಟ್ಟಿದಳು. ಸೊಸೆಯ ತವರಿನಿಂದ ಸುದ್ದಿ ಬಂದ ದಿನ ನಾನು ಗದ್ದೆಯಲ್ಲಿದ್ದೆ. ಕೈಯ ಹಾರೆಯನ್ನು ಎಲ್ಲಿ ಬಿಟ್ಟೆನೋ ಇವತ್ತಿಗೂ ಸಿಕ್ಕಿಲ್ಲ.

ಅನ್ನ ಉಣಿಸುವ ದಿನ ನೋಡಿಸಿದಾಗ ಹೆಂಡತಿ ಹೇಳಿದಳು: "ಅತ್ತಿಗೆಗೆ ಕಾಗದ ಬರೆಯುದು ಬೇಡ. ನೀವೇ ಹೋಗಿ. ಊರಿಗೆಲ್ಲ ಹೇಳಿಕೆ ಹೇಳಿ ಬಂದವರು, ಸ್ವಂತ ಅಕ್ಕನ ಮನೆಗೆ ಹೋಗ್ಲಿಕ್ಕೆ ಕಾಲು ನೋವಾಯ್ತು ಅಂತ ನಾಳೆ ಮೊಮ್ಮಗಳಿಗೆ ಹೇಳ್ತೀರಾ?"

ಹೊರಟೆ. ಸುಳ್ಯದವರೆಗೆ ಬಸ್ಸು, ಅಲ್ಲಿಂದ ಮುಂದೆ ಇನ್ನೊಂದು, ಕೊನೆಗೆ ನಡಿಗೆ. ಏಳು ವರ್ಷದಲ್ಲಿ ನಾನು ನಡೆಯುತ್ತಿದ್ದ ಕಾಲುದಾರಿಯನ್ನು ಕಾಡು ನುಂಗಿತ್ತು. ಜೀಪು ಹೋಗುವ ಮಣ್ಣಿನ ರಸ್ತೆ ಬೇರೆ ಕಡೆಯಿಂದ ಆಗಿ, ಇಲ್ಲಿ ನಡೆಯುವವರೇ ಇರಲಿಲ್ಲ. ಒಂದು ತೋಡಿನ ಹತ್ತಿರ ದಾರಿ ತಪ್ಪಿ, ಬಿಸಿಲು ಏರುವವರೆಗೆ ಸುತ್ತಿ, ಕೊನೆಗೆ ಒಂದು ಮನೆ ಕಂಡಿತು. ಅಂಗಳದಲ್ಲಿ ಒಬ್ಬಳೇ ಮುದುಕಿ ಅಡಿಕೆ ಹರಡುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

"ನೀವು ಮಂಡೆಕೋಲಿನ ಕಡೆಯ ಹೇಳಿಕೆಯವರಲ್ವಾ? ಯಾರ ಮನೆಯಲ್ಲಿ ಎಂತ ಉಂಟು?"

"ಇಲ್ಲಮ್ಮ, ಇದು ನನ್ನ ಅಕ್ಕನ ಮನೆಗೆ. ದಾರಿ ತಪ್ಪಿತು."

ಅವಳ ಮುಖ ಸಣ್ಣದಾಯಿತು. ಆದರೂ ಬೆಲ್ಲ ನೀರು ತಂದಿಟ್ಟಳು. "ಈಗ ಯಾರೂ ಬರುದಿಲ್ಲ. ಕಾಗದ ಬರ್ತದೆ. ಓದ್ಲಿಕ್ಕೆ ನಾನು ಶಾಲೆಗೆ ಹೋಗಿದ್ದೇನಾ? ಮಗ ಬಂದಾಗ ಓದ್ತಾನೆ. ಅಷ್ಟರಲ್ಲಿ ಅವರ ಮದುವೆ ಆಗಿ ಮಗುವೂ ಆಗಿರ್ತದೆ" ಎಂದಳು. ದಾರಿ ತೋರಿಸಲು ಗದ್ದೆಯ ಕೊನೆಯವರೆಗೆ ಬಂದಳು. ನಾನು ಹಿಂದಿರುಗಿ ನೋಡಿದಾಗ ಅಲ್ಲಿಯೇ ನಿಂತಿದ್ದಳು, ಇನ್ನೊಂದು ಸಲ ನೋಡಿದಾಗಲೂ ನಿಂತಿದ್ದಳು.

ಅಕ್ಕನ ಮನೆ ಮುಟ್ಟುವಾಗ ಹೊತ್ತು ವಾಲಿತ್ತು. ಭಾವ ಬೇಲಿಗೆ ಮುಳ್ಳು ಕಟ್ಟುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಓ, ದೊಡ್ಡ ಜನ. ಇಲ್ಲಿ ಕಡವು ಇಲ್ಲವಲ್ಲ ಮಾರಾಯ, ಮನೆಯವರೆಗೆ ಬಂದುಬಿಟ್ಟಿ" ಎಂದರು.

ನಾನು ನಗಲು ನೋಡಿದೆ. ಕಾಲು ತೊಳೆದು ಜಗಲಿಯಲ್ಲಿ ಕೂತೆ. ಭಾವ ಒಳಗೆ ತಲೆ ಹಾಕಿ, "ನಿನ್ನ ತಮ್ಮ ಬಂದಿದ್ದಾನೆ, ಬೆಲ್ಲ ನೀರು ತಾ" ಎಂದರು. ಒಳಗಿನಿಂದ ಪಾತ್ರೆಯ ಸದ್ದು ಬಂತು, ಬೆಲ್ಲ ನೀರು ಬರಲಿಲ್ಲ. ಬೆಲ್ಲ ನೀರು ಬಾರದೆ ನಾನು ಹೇಳಿಕೆ ಹೇಳುವ ಹಾಗಿಲ್ಲ, ಹೇಳದೆ ಏಳುವ ಹಾಗೂ ಇಲ್ಲ. ಹಾಗೆಯೇ ಕೂತೆ. ಭಾವ ಮಳೆಯ ವಿಷಯ, ಆನೆಯ ವಿಷಯ, ಕಾಳುಮೆಣಸಿನ ಬಳ್ಳಿ ಸತ್ತ ವಿಷಯ ಎಲ್ಲ ಮಾತಾಡಿ ಮುಗಿಸಿ, ಮತ್ತೆ ಬೇಲಿಗೆ ಹೋದರು. ದನ ಕೊಟ್ಟಿಗೆಗೆ ಬಂದವು. ಆಗ ಅಕ್ಕ ಹೊರಗೆ ಬಂದು ಬೆಲ್ಲದ ತಟ್ಟೆಯನ್ನೂ ನೀರಿನ ಚೆಂಬನ್ನೂ ನನ್ನ ಮುಂದಿಟ್ಟಳು.

"ಕುಡಿ" ಎಂದಳು.

ಕುಡಿದೆ. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಎಷ್ಟೋ ಮನೆಗಳಲ್ಲಿ ಹೇಳಿದ ಮಾತನ್ನು ಅಕ್ಕನಿಗೆ ಹೇಳಿದೆ: "ಮಗುವಿಗೆ ಅನ್ನ ಉಣಿಸುದು ಉಂಟು ಅಕ್ಕ. ಮನೆಯವರೆಲ್ಲ ಮುಂಚಿತವಾಗಿ ಬಂದು ಸುಧಾರಿಸಿ ಕೊಡ್ಬೇಕು. ಮೊದಲ ತುತ್ತು ನೀನೇ ಕೊಡ್ಬೇಕು."

ಅಕ್ಕ ನೆಲದ ಮೇಲೆ ಕೂತಳು. "ಆವತ್ತು ನೀನು ಅಲ್ಲಿ ಹೋದೆ, ಇಲ್ಲಿ ಹೋದೆ ಅಂತ ದಾರಿಯಲ್ಲಿ ಹೋಗುವವರು ಹೇಳ್ತಿದ್ರು. ಇವತ್ತು ಬರ್ತಿ, ನಾಳೆ ಬರ್ತಿ ಅಂತ ಲೆಕ್ಕ ಹಾಕಿದೆ. ನಾಲ್ಕು ರಾತ್ರಿ ದೋಸೆಗೆ ಅಕ್ಕಿ ನೆನೆಹಾಕಿದ್ದೇನೆ, ಗೊತ್ತುಂಟಾ ನಿನಗೆ? ಬೆಳಿಗ್ಗೆ ನೀನು ಇಲ್ಲ. ಆ ಹಿಟ್ಟಿನ ದೋಸೆ ನಾವಿಬ್ಬರೇ ತಿಂದದ್ದು."

"ಕಾಲು ಒಡೆದಿತ್ತು ಅಕ್ಕ."

"ಒಡೆದಿದ್ರೆ ಇಲ್ಲಿ ಬಂದು ಮಲಗ್ಬೇಕಿತ್ತು. ನಿನ್ನ ಕಾಲಿಗೆ ಎಣ್ಣೆ ಹಚ್ಚಿದ್ದು ಯಾರು ಸಣ್ಣಾಗಿರುವಾಗ?" ಮತ್ತೆ ಹೇಳಿದಳು: "ಈ ಬೆಟ್ಟದ ಬುಡಕ್ಕೆ ಯಾರು ಬರ್ತಾರೆ ತಮ್ಮ? ಯಾರಿಗಾದ್ರೂ ಮದುವೆ ಆದ್ರೆ ನೀನು ಬರ್ತಿ. ಯಾರಿಗೆ ಮದುವೆ ಆಗ್ತದೆ ಅಂತ ಕಾಯ್ತಿದ್ದೆ ನಾನು, ಅವರ ಗುರುತು ಪರಿಚಯ ನನಗಿಲ್ಲ. ನಿನ್ನ ಮಗನದ್ದೇ ಮದುವೆ ಆಗುವಾಗ ನೀನು ಬರ್ಲಿಲ್ಲ."

ನಾನು ಹೊತ್ತುಕೊಂಡು ಹೋಗುತ್ತಿದ್ದದ್ದು ದಿನ, ಗಳಿಗೆ ಅಂದುಕೊಂಡಿದ್ದೆ. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಆ ಅಡಿಕೆ ಹರಡುವ ಮುದುಕಿಗೂ ಅಲ್ಲ. ಗದ್ದೆಯ ಕೊನೆಯವರೆಗೆ ಹಿಂದೆ ಬಂದ ಎಷ್ಟೋ ಹೆಂಗಸರನ್ನು ಬೇಗ ಬೇಗ ಬಿಟ್ಟು ಹೊರಟದ್ದು ನೆನಪಾಗಿ ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಹೊರಡುವಾಗ ಕೇಳಿದೆ: "ಬರ್ತೀಯಲ್ಲ ಅಕ್ಕ?"

"ನೋಡುವ" ಎಂದಳು. ನಮ್ಮ ಕಡೆ ಆ ಮಾತಿಗೆ ಬರುತ್ತೇನೆ ಎಂದೂ ಆಗಬಹುದು, ಬರುವುದಿಲ್ಲ ಎಂದೂ ಆಗಬಹುದು.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಹತ್ತು ಗಂಟೆಗೆ ಅಕ್ಕ ಇಲ್ಲ. ಹತ್ತೂಕಾಲಿಗೂ ಇಲ್ಲ. ಪುರೋಹಿತರು ಬೆಳ್ಳಿಯ ಬಟ್ಟಲಿನಲ್ಲಿ ಅನ್ನ, ತುಪ್ಪ ಕಲಸಿ ತಯಾರು ಇಟ್ಟರು. ಮಗು ಸೊಸೆಯ ತೊಡೆಯ ಮೇಲೆ ಬಟ್ಟಲನ್ನು ಹಿಡಿಯಲು ಕೈ ಚಾಚುತ್ತಿತ್ತು.

"ನಾನೇ ಕೊಡ್ತೇನೆ, ಮುಹೂರ್ತ ಮೀರ್ತದೆ" ಎಂದಳು ಹೆಂಡತಿ.

"ಬೇಡ" ಎಂದೆ.

"ನಿಮ್ಮ ಹಟಕ್ಕೆ ಮಗುವನ್ನು ಉಪವಾಸ ಹಾಕ್ತೀರಾ?"

ಪುರೋಹಿತರು ನಡುವೆ ಬಂದರು. "ಮುಹೂರ್ತಕ್ಕೆ ಒಂದು ತೊಟ್ಟು ಜೇನು ಮುಟ್ಟಿಸಿ. ಅನ್ನ ಹಿರಿಯವರು ಬಂದ ಮೇಲೆ ಆಗ್ಲಿ. ಹಸಿವು ಪಂಚಾಂಗ ನೋಡುದಿಲ್ಲ, ನನ್ನದಂತೂ ನೋಡುದಿಲ್ಲ, ಎಲೆ ಹಾಕಿ" ಎಂದರು. ಜೇನು ಮುಟ್ಟಿಸಿದೆವು. ಬಂದವರು ಉಂಡರು. ಅಕ್ಕ ಬರಲಿಲ್ಲವಾ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಮೂರು ಗಂಟೆಗೆ ಅಂಗಳ ಖಾಲಿಯಾಯಿತು. ನನಗೂ ಹೆಂಡತಿಗೂ ಊಟ ಆಗಿರಲಿಲ್ಲ. ನಾನು ಉಣ್ಣದ ಕಾರಣ ಮಗ, ಸೊಸೆ, ತಮ್ಮನ ಮನೆಯವರೂ ಉಣ್ಣಲಿಲ್ಲ. ಮಗು ಹಾಲು ಕುಡಿದು ಮಲಗಿತು. ಬಟ್ಟಲಿನ ಅನ್ನಕ್ಕೆ ಬಾಳೆಲೆ ಮುಚ್ಚಿ ನಾನು ಅದರ ಹತ್ತಿರವೇ ಕೂತೆ. ಕತ್ತಲಾದರೆ ಹೆಂಡತಿಯೇ ಕೊಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಸೂರ್ಯ ತೆಂಗಿನ ಮರಗಳ ಹಿಂದೆ ಇಳಿಯುವ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಭಾವನ ಕೊಡೆ ಕಂಡಿತು. ಅವರ ಹಿಂದೆ, ಸೀರೆಯನ್ನು ಸ್ವಲ್ಪ ಎತ್ತಿಕಟ್ಟಿಕೊಂಡು, ಅಕ್ಕ.

ಭಾವ ಮೆಟ್ಟಿಲಲ್ಲಿಯೇ ಕೂತು ಗಾಳಿ ಹಾಕಿಕೊಂಡರು. "ಹನ್ನೊಂದು ಗಂಟೆಗೇ ಜಾಲ್ಸೂರಿನಲ್ಲಿ ಇಳಿದದ್ದು ಮಾರಾಯ. ಇವಳು ಅಂಗಡಿಯ ಬೆಂಚಿನಲ್ಲಿ ಕೂತವಳು ಏಳ್ಬೇಕಲ್ಲ. ಏಳು ವರ್ಷ ಆದ ಮೇಲೆ ಅಷ್ಟು ಜನರ ಎದುರಿಗೆ ಹೇಗೆ ಹೋಗುದು ಅಂತ. ಅಂಗಡಿಯವ ಮೂರು ಸಲ ಚಹಾ ಕೊಟ್ಟ, ನಾಲ್ಕನೇ ಸಲ, ನಿಮಗೆ ಊರು ಯಾವುದು ಅಂತ ಕೇಳಿದ."

"ನೀವು ಸುಮ್ಮನಿರಿ" ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ಕಾಲು ತೊಳೆದು ನೆಟ್ಟಗೆ ಒಳಗೆ ಹೋಗಿ ತೊಟ್ಟಿಲಿನ ಹತ್ತಿರ ನಿಂತಳು. ಮಗು ಎದ್ದಿತ್ತು. "ಇದು ಅಮ್ಮನ ಹಣೆ" ಎಂದು ನಮ್ಮ ಅಮ್ಮನನ್ನು ನೆನೆದು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಸೊಸೆಗೆ ಹೇಳಿದಳು: "ಈ ಅನ್ನ ತಣಿದಿದೆ. ಒಂದು ಹಿಡಿ ಅಕ್ಕಿ ಹಾಕು ಮಗಳೇ, ಬಿಸಿ ಮಾಡುವ."

ಅಕ್ಕಿ ಬೆಂದು, ಹಿಸುಕಿ, ತುಪ್ಪ ಹಾಕಿ, ಬೆರಳಿನಲ್ಲಿ ಬಿಸಿ ನೋಡಿ, ಅಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅದು ಹೇಗೆ ಉಂಡಿತು ಎಂದು ಮೊದಲೇ ಬರೆದಿದ್ದೇನೆ. ಇನ್ನೊಂದು ಸಲ ಬರೆಯಲು ಆಸೆಯಿದೆ, ಹೆಂಡತಿ ನಗುತ್ತಾಳೆ.

ಆಮೇಲೆ ನಾವು ಉಣ್ಣಲು ಕೂತೆವು. ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದು ನಿನ್ನೆ ಆಗಲಿಲ್ಲ, ಎಲ್ಲರಿಗೂ ಅಷ್ಟು ಹಸಿವು. ಒಂದೇ ಸಾಲಿನಲ್ಲಿ ಎಲೆ ಹಾಕಿ, ಭಾವ, ಅಕ್ಕ, ತಮ್ಮನ ಮನೆಯವರು, ಮಗ, ಸೊಸೆ, ಕೊನೆಗೆ ಹೆಂಡತಿ ಮತ್ತು ನಾನು. ಪಾತ್ರೆಗಳನ್ನು ನಡುವೆ ಇಟ್ಟು ಬೇಕಾದವರು ಬಡಿಸಿಕೊಳ್ಳುವುದು ಎಂದಾಯಿತು. ಅಕ್ಕ ಸಾರು ಕಲಸಿ ಒಂದು ತುತ್ತು ಉಂಡಳು.

"ಉಪ್ಪು ಕಡಿಮೆ" ಎಂದಳು ನನ್ನ ಹೆಂಡತಿಗೆ. ಏಳು ವರ್ಷದ ಮೇಲೆ ಅವಳಿಗೆ ಆಡಿದ ಮೊದಲ ಮಾತು.

"ಮಧ್ಯಾಹ್ನ ಬಂದಿದ್ರೆ ಸರಿಯಾಗಿತ್ತು ಅತ್ತಿಗೆ. ಬಿಸಿ ಮಾಡುವಾಗೆಲ್ಲ ನೀರು ಹಾಕಿ ಹಾಕಿ ಹೀಗಾಯ್ತು" ಎಂದು ಹೆಂಡತಿ ಉಪ್ಪಿನ ಮರಿಗೆಯನ್ನು ಅವಳ ಕಡೆ ದೂಡಿದಳು. ಭಾವ ಪಾಯಸದ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಕ್ಕ ಉಪ್ಪು ಬೆರೆಸಿ, ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಉಂಡಳು.